ತಿರಿಗಿ ಬಂದ ಸಿಪಾಯಿಗೆ ಕಲ್ಲಿಲ್ಲ



ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣದ ಸೀಮೆಯವರಾದ ನಮಗೆ ವೀರಗಲ್ಲೆಂಬದು ಹೊಸ ಮಾತಲ್ಲ. ಕನ್ನಡ ನಾಡಿನ ಅನೇಕ ಊರುಗಳಲ್ಲಿ ಇಂಥ ಕಲ್ಲು ನಿಂತಿರುತ್ತದೆ. ಕೆಳಗೆ ಕಾಳಗ, ನಡುವೆ ದೇವಸ್ತ್ರೀಯರು ವೀರನನ್ನು ಕರೆದೊಯ್ಯುವದು, ಮೇಲೆ ಅವನು ತನ್ನ ದೇವರ ಸನ್ನಿಧಿಯಲ್ಲಿರುವದು, ಹೀಗೆ ಅದರಲ್ಲಿ ಸಾಮಾನ್ಯವಾಗಿ ಕೆತ್ತಲ್ಪಟ್ಟಿರುವದು. ಹಿರಿಯರು ಉಪಕಾರವನ್ನು ಮರೆತವರಲ್ಲ. ಆದರೆ ಒಂದು ಸಂಗತಿಯನ್ನು ನೋಡಿರಿ: ಕಲ್ಲು ನಿಂತದ್ದು ಸತ್ತವನಿಗೆ. ಅದೇ ಕಾಳಗದಲ್ಲಿ ಗಾಯಪಟ್ಟು, ಮನೆಗೆ ತಿರಿಗಿ ಬಂದು, ನೇಗಿಲು ಹಿಡಿದು ಮುದುಕನಾದವನಿಗೆ ಕಲ್ಲಿಲ್ಲ.

ನಾವೂ ಹಾಗೆಯೇ ನಡೆಯುತ್ತೇವೆ. ಕೊಡಗಿನ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲಣ ವಿಮಾನದಾಳಿಯಲ್ಲಿ ಮಡಿದರು. ಅವರ ಸಾಹಸವು ಬಹುಕಾಲ ತಿಳಿಯದೆ ಇದ್ದು, ಮಹಾವೀರ ಚಕ್ರವು 23 ವರ್ಷಗಳ ಮೇಲೆ, 1988ರಲ್ಲಿ ಕೊಡಲ್ಪಟ್ಟಿತು. ಅದೇ ನಾಡಿನ ಜನರಲ್ ಕಾರಿಯಪ್ಪನವರಾದರೋ 1953ರಲ್ಲಿ ನಿವೃತ್ತರಾಗಿ, 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯನ್ನು ಹೊಂದಿದರು. ಇದೂ ತಡವೇ, ಆದರೂ 87 ವರುಷದ ಆ ಹಿರಿಯರು ಅದನ್ನು ತಮ್ಮ ಕೈಯಿಂದಲೇ ತಕ್ಕೊಂಡರು.

ದೊಡ್ಡ ಅಧಿಕಾರಿಗಳ ಮಾತು ಹಾಗಿರಲಿ. ನಮ್ಮ ಹಳ್ಳಿಗಳ ಸಿಪಾಯಿಗಳ ವಿಷಯವೇನು? ಈ ಬೀದರ ಸೀಮೆಯು ನಿಜಾಮರ ರಾಜ್ಯದಲ್ಲಿದ್ದಾಗ, 1918ರಲ್ಲಿ, ಹೈದರಾಬಾದಿನ ಸವಾರರು ಮೈಸೂರು ಮತ್ತು ಜೋಧಪುರದವರ ಸಂಗಡ ಒಂದೇ ದಂಡಿನಲ್ಲಿ ಪಾಲೆಸ್ತೀನದಲ್ಲಿದ್ದರು. ಅವರನ್ನು ಕೇಳುವ ಕಾಲ ಕಳೆದು ಹೋಯಿತು. 1962ರಲ್ಲಿ ಹಿಮದೊಳಗೆ ನಿಂತವರು ಈಗ ಎಂಭತ್ತು ದಾಟಿದ್ದಾರೆ. 1971ರ ದಶಂಬರದಲ್ಲಿ 20 ವರುಷದವನಾಗಿದ್ದವನು ಎಪ್ಪತ್ತನ್ನು ದಾಟಿದ್ದಾನೆ.

ಸರಕಾರವು ಪಿಂಚಣಿ ಪಡೆಯುವವನನ್ನು ವರುಷಕ್ಕೊಮ್ಮೆಯಾದರೂ ‘ಬದುಕಿದ್ದೀಯಾ?’ ಎಂದು ಕೇಳುತ್ತದೆ. ಊರವರು ಅಷ್ಟನ್ನೂ ಕೇಳುವದಿಲ್ಲ. ಆ ಜೀವನ ಪ್ರಮಾಣಪತ್ರಕ್ಕಾಗಿ ಮುದುಕನು ಬಸ್ಸು ಹತ್ತಿ ಹುಮನಾಬಾದಿಗೋ ಕಲ್ಯಾಣಕ್ಕೋ ಹೋದರೆ, ಒಕ್ಕಲುತನದಲ್ಲಿ ಸವೆದ ಹೆಬ್ಬೆಟ್ಟಿನ ಗುರುತು ಒಮ್ಮೊಮ್ಮೆ ಯಂತ್ರಕ್ಕೆ ಹತ್ತುವದಿಲ್ಲ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಇದನ್ನು ಮಾಡಲಿಕ್ಕಾಗುತ್ತದೆ. ಓದಿದ ಹುಡುಗನೊಬ್ಬನು ಅವನ ಕಟ್ಟೆಯ ಮೇಲೆ ಅರ್ಧ ತಾಸು ಕೂತರೆ ಸಾಕು. ಶಾಲು ಹೊದಿಸಿ, ಚಿತ್ರ ತೆಗೆದು, ಮರುದಿನ ಹೆಸರು ಮರೆಯುವ ಸನ್ಮಾನಕ್ಕಿಂತ ಇದು ದೊಡ್ಡದೆಂದು ನಾವು ಎಣಿಸುತ್ತೇವೆ.

ಕೂತಾಗ ಕೇಳಿರಿ: ಅಜ್ಜಾ, ನಿಮ್ಮದು ಯಾವ ಪಲ್ಟಣ? ಯಾವ ಗಡಿಯಲ್ಲಿದ್ದಿರಿ? ಆ ಚಳಿಯಲ್ಲಿ ಏನು ಉಂಡಿರಿ? ಸಂಗಡಿಗರಲ್ಲಿ ಯಾರು ತಿರಿಗಿ ಬರಲಿಲ್ಲ? ಎಷ್ಟು ಮಂದಿಯನ್ನು ಕೊಂದಿರೆಂದು ಮಾತ್ರ ಕೇಳಬೇಡಿರಿ. ಅವರು ಸುಮ್ಮನಾದರೆ ನೀವೂ ಸುಮ್ಮನೆ ಕೂತಿರ್ರಿ. ಹೇಳಿದ್ದನ್ನು ಅಂದೇ ಬರೆದಿಟ್ಟು, ತಾರೀಖು ಹಾಕಿ, ಅವರಿಗೇ ಓದಿ ಹೇಳಿರಿ. ತಪ್ಪಿದ್ದರೆ ತಿದ್ದುವದಕ್ಕೆ ಅವರು ಇನ್ನೂ ಇದ್ದಾರಲ್ಲಾ. 1949ರಿಂದ ದಶಂಬರ 7ರಂದು ನಡೆಯುವ ಧ್ವಜ ದಿನಾಚರಣೆಗೆ ಶಾಲೆಯವರು ಕಾಣಿಕೆಯ ಡಬ್ಬಿಯ ಸಂಗಡ ಅವರನ್ನೂ ಕರೆಯಲಿ, ಮುಂದಿನ ಸಾಲಿನಲ್ಲಿ ಕೂರಿಸಲಿ.

ಒಳಗೆ ಒಲೆಯ ಹತ್ತಿರವಿರುವ ಅಜ್ಜಿಯನ್ನೂ ಮರೆಯಬೇಡಿರಿ. ಟಪಾಲಿನವನ ಹಾದಿ ನೋಡುತ್ತಾ ಆ ದಿನಗಳನ್ನು ಕಳೆದವಳು ಅವಳು, ಅವಳಿಗೂ ವಯಸ್ಸಾಯಿತು.