ಗಣಕಯಂತ್ರದಲ್ಲಿ ಫೋಟೋಗಳ ಜೋಡಣೆ: ಯಾವ ತಂತ್ರಾಂಶ ಆರಿಸೋಣ?



ಏಳನೇ ತರಗತಿಯ ಮಕ್ಕಳಿಗೆ ಒಮ್ಮೆ ‘ನನ್ನ ಕುಟುಂಬ’ ಎಂಬ ಪ್ರಬಂಧ ಬರೆಯಲು ಹೇಳಿ, ಜೊತೆಗೆ ಒಂದು ಫೋಟೋ ತನ್ನಿ ಎಂದಿದ್ದೆ. ಒಬ್ಬ ಹುಡುಗ ಊರಿನ ಮದುವೆಯ ಫೋಟೋ ತಂದ. ಅದರಲ್ಲಿ ಹನ್ನೊಂದು ಜನರಿದ್ದರು. ಅಪ್ಪ, ಅಮ್ಮ, ಅಜ್ಜಿ ಬಿಟ್ಟರೆ ಉಳಿದವರೆಲ್ಲ ಅವನ ಪ್ರಬಂಧದಲ್ಲಿ ‘ಅಂಕಲ್’ ಅಥವಾ ‘ಆಂಟಿ’. “ಇವರಲ್ಲಿ ನಿನ್ನ ಸೋದರಮಾವ ಯಾರಪ್ಪ?” ಎಂದು ಕೇಳಿದೆ. “ಗೊತ್ತಿಲ್ಲ ಟೀಚರ್. ಮನೆಯ ಕಂಪ್ಯೂಟರಿನಲ್ಲಿ ಇನ್ನೂ ತುಂಬಾ ಫೋಟೋ ಇವೆ” ಎಂದ.

ಫೋಟೋ ತುಂಬಾ ಇವೆ, ಅದರಲ್ಲಿರುವವರು ಯಾರೆಂದು ಗೊತ್ತಿಲ್ಲ. ಮಸ್ಕತ್‌ನಲ್ಲಿರುವ ನಮ್ಮಂಥ ಎಷ್ಟೋ ಮನೆಗಳ ಕಥೆ ಇದೇ. ಆದ್ದರಿಂದ ಈ ಸಲ ಕನ್ನಡ ಪಾಠದ ಜೊತೆಗೆ ಸ್ವಲ್ಪ ಗಣಕಯಂತ್ರದ ಪಾಠವನ್ನೂ ಮಾಡೋಣ.

1. ಫೋಟೋದ ಬೆನ್ನು

ರೀಲು ಹಾಕುವ ಕ್ಯಾಮೆರಾದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಪ್ರಿಂಟ್ ಹಾಕಿಸಿ ತಂದ ಮೇಲೆ ನಮ್ಮ ತಂದೆ ಪ್ರತಿಯೊಂದರ ಹಿಂಬದಿಯಲ್ಲೂ ನೀಲಿ ಶಾಯಿಯಲ್ಲಿ ದಿನಾಂಕ, ಊರು, ಹೆಸರುಗಳನ್ನು ಬರೆಯುತ್ತಿದ್ದರು. ಆಲ್ಬಂ ಹರಿದರೂ ಫೋಟೋ ಬೇರೆಯವರ ಮನೆ ಸೇರಿದರೂ ಆ ಬರಹ ಫೋಟೋದ ಜೊತೆಯಲ್ಲೇ ಇರುತ್ತಿತ್ತು.

ಡಿಜಿಟಲ್ ಫೋಟೋಗೂ ಇಂಥ ಬೆನ್ನು ಇದೆ. ಜೆಪೆಗ್ ಕಡತದ ಒಳಗೆ ಚಿತ್ರದ ಜೊತೆಗೆ ಅಕ್ಷರಗಳಿಗೂ ಜಾಗವಿರುತ್ತದೆ. ತೆಗೆದ ದಿನಾಂಕ, ಸಮಯ, ಕ್ಯಾಮೆರಾದ ಹೆಸರು ಇವನ್ನು ಕ್ಯಾಮೆರಾವೇ ಅಲ್ಲಿ ಬರೆಯುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. ನಾವು ಬರೆಯುವ ವಿವರಣೆ, ಹೆಸರು, ಗುರುತುಪದಗಳನ್ನು ಇಡಲು ಐಪಿಟಿಸಿ ಮತ್ತು ಎಕ್ಸ್‌ಎಂಪಿ ಎಂಬ ಎರಡು ಪದ್ಧತಿಗಳಿವೆ.

2. ಬೆನ್ನಿನ ಮೇಲೋ, ನೋಟ್‌ಬುಕ್ಕಿನಲ್ಲೋ?

ಕೆಲವು ತಂತ್ರಾಂಶಗಳು ನೀವು ಕೊಟ್ಟ ಹೆಸರನ್ನು ಫೋಟೋದ ಒಳಗೇ ಬರೆಯುತ್ತವೆ. ಇನ್ನು ಕೆಲವು ತಮ್ಮದೇ ಬೇರೆ ನೋಟ್‌ಬುಕ್ಕಿನಲ್ಲಿ, ಅಂದರೆ ಡೇಟಾಬೇಸ್‌ನಲ್ಲಿ ಬರೆದುಕೊಳ್ಳುತ್ತವೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಗಣಕಯಂತ್ರ ಬದಲಾದಾಗ.

ನನಗೆ ಗೊತ್ತಾದದ್ದೂ ಹಾಗೆಯೇ. ಮೂರು ವರ್ಷ ರಜೆಯ ದಿನಗಳಲ್ಲಿ ಕುಳಿತು ಮನೆಯ ಫೋಟೋಗಳಿಗೆಲ್ಲ ಹೆಸರು ಹಾಕಿದ್ದೆ. ಹಳೆಯ ಯಂತ್ರ ಕೆಟ್ಟಿತು. ಪ್ರತಿ ಮಾಡಿಟ್ಟಿದ್ದರಿಂದ ಫೋಟೋಗಳು ಉಳಿದವು, ಹೆಸರುಗಳು ಮಾತ್ರ ಹೋದವು. ನೋಟ್‌ಬುಕ್ಕಿನ ಪ್ರತಿ ಮಾಡಬೇಕೆಂದು ನನಗೆ ತಿಳಿದೇ ಇರಲಿಲ್ಲ. ಅಮ್ಮನಿಗೆ ಫೋನು ಮಾಡಿ ಬಹಳಷ್ಟನ್ನು ಮತ್ತೆ ಬರೆದುಕೊಂಡೆ. ಆದರೆ ನನ್ನ ಮಗನ ನಾಮಕರಣದ ಒಂದು ಫೋಟೋದಲ್ಲಿ ಬಿಳಿ ಪೇಟದ ಹಿರಿಯರೊಬ್ಬರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾರೆ. ಅವರ ಹೆಸರು ಹೇಳಿ ಬರೆಸಿದ್ದವರು ನಮ್ಮ ತಂದೆ. ಅಷ್ಟು ಹೊತ್ತಿಗೆ ತಂದೆ ತೀರಿಕೊಂಡಿದ್ದರು. ಆ ಹಿರಿಯರು ಯಾರೆಂದು ಇಂದಿಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ತಂತ್ರಾಂಶಗಳಿಗೂ ಆಯಸ್ಸು ಇರುತ್ತದೆ. ಬಹಳ ಜನ ಮೆಚ್ಚಿದ್ದ ಪಿಕಾಸಾವನ್ನು ಗೂಗಲ್ 2004ರಲ್ಲಿ ಕೊಂಡುಕೊಂಡಿತು, 2016ರ ಮಾರ್ಚ್‌ನಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿತು. ಹೀಗಾಗಿ ‘ಯಾವುದು ಚೆನ್ನಾಗಿ ಕಾಣುತ್ತದೆ?’ ಎಂದು ಕೇಳುವ ಮೊದಲು ‘ಇದು ನಿಂತುಹೋದರೆ ನಾನು ಬರೆದದ್ದು ಎಲ್ಲಿರುತ್ತದೆ?’ ಎಂದು ಕೇಳಬೇಕು.

3. ಯಾವ ಕೆಲಸಕ್ಕೆ ಯಾವುದು?

ಬರೀ ನೋಡಲು: ಇರ್ಫಾನ್‌ವ್ಯೂ. 1996ರಿಂದ ಇರುವ ಪುಟ್ಟ ತಂತ್ರಾಂಶ, ಬೇಗ ತೆರೆದುಕೊಳ್ಳುತ್ತದೆ. ವಿಂಡೋಸ್‌ಗೆ ಮಾತ್ರ. ಮನೆಬಳಕೆಗೆ ಉಚಿತ.

ಆರಿಸಲು: ಫಾಸ್ಟ್‌ಸ್ಟೋನ್ ಇಮೇಜ್ ವ್ಯೂವರ್. ಒಂದೇ ದೃಶ್ಯದ ನಾಲ್ಕು ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ಒಳ್ಳೆಯದನ್ನು ಉಳಿಸಿಕೊಳ್ಳಬಹುದು. ಇದೂ ವಿಂಡೋಸ್‌ಗೆ, ಮನೆಬಳಕೆಗೆ ಉಚಿತ.

ನೋಡಲು ಮತ್ತು ವಿಂಗಡಿಸಲು: ಎಕ್ಸ್‌ಎನ್‌ವ್ಯೂ ಎಂಪಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. ಮನೆ ಮತ್ತು ಶಾಲೆಗೆ ಉಚಿತ.

ಹೆಸರು ಬರೆದು ಕಾಪಾಡಲು: ಡಿಜಿಕ್ಯಾಮ್. ಇದು ಮುಕ್ತ ತಂತ್ರಾಂಶ, ಮೂರೂ ಕಡೆ ನಡೆಯುತ್ತದೆ. ಮುಖ ಗುರುತಿಸುವ ಕೆಲಸವನ್ನು ನಿಮ್ಮ ಯಂತ್ರದಲ್ಲೇ ಮಾಡುತ್ತದೆ. ಇದಕ್ಕೂ ತನ್ನ ನೋಟ್‌ಬುಕ್ ಇದೆ. ಆದರೆ ಸೆಟ್ಟಿಂಗ್ಸ್‌ನ ಮೆಟಾಡೇಟಾ ಪುಟದಲ್ಲಿ ಗುರುತು ಹಾಕಿದರೆ ವಿವರಣೆ, ಗುರುತುಪದ, ಮುಖದ ಹೆಸರುಗಳನ್ನು ಫೋಟೋದ ಬೆನ್ನಿಗೂ ಬರೆಯುತ್ತದೆ. ಕಲಿಯಲು ಒಂದೆರಡು ದಿನ ಬೇಕು. ನನ್ನ ಆಯ್ಕೆ ಇದೇ.

ಆಪಲ್ ಫೋಟೋಸ್ ಬಳಸುವವರು ಫೋಟೋಗಳನ್ನು ಹೊರಗೆ ತೆಗೆಯುವಾಗ ಶೀರ್ಷಿಕೆ, ಗುರುತುಪದಗಳನ್ನೂ ಸೇರಿಸುವ ಆಯ್ಕೆಗೆ ಟಿಕ್ ಹಾಕಲು ಮರೆಯಬಾರದು. ಗೂಗಲ್ ಫೋಟೋಸ್‌ನಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡಾಗ ನಾವು ಬರೆದ ವಿವರಣೆ ಪ್ರತ್ಯೇಕ ಕಡತದಲ್ಲಿ ಬರುತ್ತದೆ. ಆ ಕಡತಗಳನ್ನು ಬೇಡದವೆಂದು ಅಳಿಸಬೇಡಿ.

4. ಕನ್ನಡದಲ್ಲೇ ಬರೆಯಿರಿ

ಇಂಗ್ಲಿಷಿನಲ್ಲಿ ‘ಅಂಕಲ್’ ಎಂದು ಬರೆದರೆ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಒಂದೇ ಆಗುತ್ತಾರೆ. ಕನ್ನಡದ ಪದವೇ ಅರ್ಧ ವಂಶಾವಳಿ ಹೇಳುತ್ತದೆ. ಟೈಪ್ ಮಾಡುವಾಗ ಯೂನಿಕೋಡ್ ಕನ್ನಡವನ್ನೇ ಬಳಸಿ. ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ.

ಇನ್ನೊಂದು ತೊಡಕಿದೆ. ಹಳೆಯ ಐಪಿಟಿಸಿ ಪದ್ಧತಿಯಲ್ಲಿ ಒಂದು ಗುರುತುಪದಕ್ಕೆ 64 ಬೈಟ್ ಮಾತ್ರ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಸೋದರಮಾವ’ ಎಂಬ ಒಂದೇ ಪದಕ್ಕೆ 21 ಬೈಟ್ ಹೋಗುತ್ತದೆ! ಎಕ್ಸ್‌ಎಂಪಿಯಲ್ಲಿ ಈ ತೊಂದರೆ ಇಲ್ಲ.

5. ಕಡತದ ಹೆಸರು, ಗಡಿಯಾರ, ವಾಟ್ಸಾಪ್

ಫೋಲ್ಡರಿಗೆ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಹೆಸರಿಡಿ. ಉದಾಹರಣೆಗೆ, ‘2023-05-14 ಗೃಹಪ್ರವೇಶ ಹಾಸನ’. ಆಗ ಹೆಸರಿನ ಕ್ರಮವೇ ದಿನಾಂಕದ ಕ್ರಮವಾಗುತ್ತದೆ. ಬಹಳಷ್ಟು ಕ್ಯಾಮೆರಾಗಳ ಎಣಿಕೆ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದೇ ಹೆಸರಿನ ಹೊಸ ಫೋಟೋ ಹಳೆಯದನ್ನು ಅಳಿಸಿಬಿಡಬಹುದು.

ಭಾರತದ ಸಮಯ ಒಮಾನ್‌ಗಿಂತ ಒಂದೂವರೆ ಗಂಟೆ ಮುಂದೆ. ಇಲ್ಲಿಯ ಸಮಯವಿರುವ ಕ್ಯಾಮೆರಾ ಮತ್ತು ಊರಿನವರ ಕ್ಯಾಮೆರಾ ಎರಡರ ಫೋಟೋಗಳನ್ನು ಬೆರೆಸಿದರೆ ಮಾಂಗಲ್ಯಧಾರಣೆ ಮುಗಿದ ಮೇಲೆ ವರಪೂಜೆ ಬಂದೀತು! ಡಿಜಿಕ್ಯಾಮ್‌ನಲ್ಲಿ ಸಮಯವನ್ನು ಒಟ್ಟಿಗೆ ತಿದ್ದುವ ಸೌಲಭ್ಯವಿದೆ.

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಚಿಕ್ಕದಾಗುತ್ತದೆ, ಬೆನ್ನಿನ ಬರಹವೂ ಅಳಿಸಿಹೋಗುತ್ತದೆ. ಮುಖ್ಯವಾದವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಊರಿನವರಿಗೆ ಹೇಳಿ.

6. ನೀವೇ ಪರೀಕ್ಷೆ ಮಾಡಿ

ಯಾವ ತಂತ್ರಾಂಶವನ್ನಾದರೂ ಒಪ್ಪುವ ಮೊದಲು ಹೀಗೆ ಮಾಡಿ:

ಅ) ಐದು ಫೋಟೋಗಳ ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಬೇಡಿ.
ಆ) ಪ್ರತಿಯೊಂದಕ್ಕೂ ಕನ್ನಡದಲ್ಲಿ ಒಂದು ಸಾಲು ವಿವರಣೆ, ಒಂದು ಗುರುತುಪದ ಬರೆಯಿರಿ.
ಇ) ಪೆನ್ ಡ್ರೈವಿಗೆ ಹಾಕಿ, ಬೇರೊಂದು ಯಂತ್ರದಲ್ಲಿ ಬೇರೊಂದು ತಂತ್ರಾಂಶದಿಂದ ತೆರೆಯಿರಿ.
ಈ) ಬರೆದದ್ದು ಸರಿಯಾಗಿ ಕಂಡರೆ, ಹುಡುಕಿದರೆ ಸಿಕ್ಕರೆ, ಆ ತಂತ್ರಾಂಶ ಪಾಸು.

ಆರಿಸಿದ ಮೇಲೆ ಎಲ್ಲವನ್ನೂ ಇನ್ನೊಂದು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ. ಸಾಧ್ಯವಾದರೆ ಒಂದು ಪ್ರತಿ ಊರಿನ ಮನೆಯಲ್ಲಿರಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಮನೆಗೆಲಸ

ಮಕ್ಕಳೇ, ಈ ಬೇಸಿಗೆ ರಜೆಗೆ ಊರಿಗೆ ಹೋದಾಗ ಇಪ್ಪತ್ತು ಹಳೆಯ ಫೋಟೋ ಆರಿಸಿ ಅಜ್ಜ ಅಜ್ಜಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಒಬ್ಬೊಬ್ಬರ ಹೆಸರು, ನಿಮಗೆ ಅವರು ಏನಾಗಬೇಕು, ಫೋಟೋ ತೆಗೆದ ಊರು ಯಾವುದು ಎಂದು ಕೇಳಿ ಬರೆಯಿರಿ. ಟೈಪ್ ಮಾಡುವ ಕೆಲಸ ನಿಮ್ಮದು, ಕಾಗುಣಿತ ತಿದ್ದುವ ಕೆಲಸ ಪೋಷಕರದು.

ಆ ಏಳನೇ ತರಗತಿಯ ಹುಡುಗ ಅಂದು ಸಂಜೆಯೇ ಅಜ್ಜಿಗೆ ಫೋನು ಮಾಡಿದ್ದನಂತೆ. ಮರುವಾರ ತಂದ ಹಾಳೆಯಲ್ಲಿ ಹನ್ನೊಂದು ಜನರ ಹೆಸರೂ ಇತ್ತು. ಎಡದಿಂದ ಮೂರನೆಯವರು ಅವನ ಸೋದರಮಾವ. ನೀವೂ ಕೇಳಿ, ಹೇಳುವವರು ಇರುವಾಗಲೇ ಕೇಳಿ.