ಎಣ್ಣೆ-ಗಾಳಿಗಳ ಮೇಲೆ ನಿಂತ ಕಾರು

ಖಾಲಿ ಲಾರಿಯಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸರಕು ತುಂಬಿದಾಗ ಮೆತ್ತಗೆ ಸಾಗುವ ಅದೇ ಲಾರಿ, ಖಾಲಿಯಾದಾಗ ಬೆನ್ನೆಲುಬು ಮುರಿಯುವಂತೆ ಕುಲುಕುತ್ತದೆ. ಉಕ್ಕಿನ ಸ್ಪ್ರಿಂಗಿನ ಗುಣವೇ ಅಂಥದು. ಐವರ ಭಾರಕ್ಕೆ ಗಟ್ಟಿಯಾಗಿ ಮಾಡಿದರೆ ಒಬ್ಬನಿಗೆ ಕುಲುಕಾಟ. ಒಬ್ಬನ ಸುಖಕ್ಕೆ ಮೆತ್ತಗೆ ಮಾಡಿದರೆ ಐವರು ಕುಳಿತೊಡನೆ ಗಾಡಿ ನೆಲ ಮುಟ್ಟುತ್ತದೆ.

ಈ ತೊಡಕನ್ನು ಬಿಡಿಸಿದ್ದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಡಿ.ಎಸ್. 19 ಎಂಬ ದೊಡ್ಡ ಕಾರು. 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಇದನ್ನು ಇಟ್ಟಾಗ ಮೊದಲ ದಿನವೇ ಸುಮಾರು 12,000 ಜನ ತಮಗೊಂದು ಬೇಕೆಂದು ಹೆಸರು ಬರೆಸಿದರು. ಫ್ರೆಂಚರ ಬಾಯಲ್ಲಿ 'ಡಿ.ಎಸ್.' ಎಂಬ ಅಕ್ಷರಗಳು ಅವರ ಭಾಷೆಯ 'ದೇವತೆ' ಎಂಬ ಶಬ್ದದಂತೆಯೇ ಕೇಳಿಸುತ್ತವೆ.

ಈ ದೇವತೆಗೆ ಉಕ್ಕಿನ ಸ್ಪ್ರಿಂಗೇ ಇಲ್ಲ. ನಾಲ್ಕು ಚಕ್ರಗಳ ಬಳಿ ನಾಲ್ಕು ಉಕ್ಕಿನ ಗೋಳಗಳಿವೆ. ಒಂದೊಂದರ ಒಳಗೂ ರಬ್ಬರಿನ ಪರದೆ; ಪರದೆಯ ಆಚೆ ನೈಟ್ರೋಜನ್ ಅನಿಲ, ಈಚೆ ಎಣ್ಣೆ. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿಯನ್ನು ತಳ್ಳಿ ನೋಡೋಣ. ಮೊದಲು ಸುಲಭ, ತಳ್ಳುತ್ತ ಹೋದಂತೆ ಕಠಿಣ. ಅನಿಲವು ಕುಗ್ಗಿದಷ್ಟೂ ಹೆಚ್ಚು ಬಲದಿಂದ ತಿರುಗಿ ಒತ್ತುತ್ತದೆ. ಸಣ್ಣ ಕಲ್ಲು ಸಿಕ್ಕರೆ ಮೆತ್ತನೆಯ ಹಾಸಿಗೆ, ದೊಡ್ಡ ಗುಂಡಿ ಬಂದರೆ ಗಟ್ಟಿ ಆಧಾರ, ಎರಡೂ ಒಂದೇ ಗೋಳದಿಂದ!

ಇನ್ನು ಎಣ್ಣೆಯ ಕೆಲಸ. ನಮ್ಮ ಗಿರಣಿಗಳಲ್ಲಿ ಬೇಲು ಒತ್ತುವ ಪ್ರೆಸ್ಸನ್ನು ಕಂಡವರಿಗೆ ಎಣ್ಣೆಯ ಒತ್ತಡದ ಶಕ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನಿನಿಂದ ತಿರುಗುವ ಏಳು ಪಿಸ್ಟನ್ನುಗಳ ಪಂಪು ಎಣ್ಣೆಯನ್ನು ಒತ್ತಿಡುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತರೆ ಗಾಡಿ ತಗ್ಗುತ್ತದೆ. ತಗ್ಗಿದೊಡನೆ ಒಂದು ಸಣ್ಣ ಕವಾಟ ತೆರೆದು ಎಣ್ಣೆ ಒಳನುಗ್ಗಿ ಗಾಡಿಯನ್ನು ಮೊದಲಿನ ಎತ್ತರಕ್ಕೆ ತರುತ್ತದೆ. ಅವರು ಇಳಿದರೆ ಎಣ್ಣೆ ಹಿಂದಕ್ಕೆ. ಚಕ್ರ ಬದಲಿಸಲು ಜ್ಯಾಕೂ ಬೇಡ. ಒಂದು ಹಿಡಿಯನ್ನು ಸರಿಸಿದರೆ ಗಾಡಿ ತಾನೇ ಮೇಲೇಳುತ್ತದೆ. ಆಗ ಕೆಳಗೆ ಊರೆ ಕೊಟ್ಟು ಗಾಡಿಯನ್ನು ತಗ್ಗಿಸಿದರೆ ಚಕ್ರ ನೆಲ ಬಿಡುತ್ತದೆ. ಸ್ಟಿಯರಿಂಗು, ಬ್ರೇಕು, ಗೇರು ಇವಕ್ಕೂ ಅದೇ ಎಣ್ಣೆಯ ನೆರವು. ಕ್ಲಚ್ಚಿನ ಪೆಡಲಿಲ್ಲ, ಬ್ರೇಕಿಗೆ ಅಣಬೆಯಂಥ ಒಂದು ರಬ್ಬರ್ ಗುಂಡಿ. ಸೀಟುಗಳ ದಪ್ಪ ಮೆತ್ತೆಯ ವರ್ಣನೆ ಇಲ್ಲಿ ಬೇಡ, ಅದು ಹಣವಿದ್ದವರೆಲ್ಲ ಮಾಡಿಸಬಹುದಾದದ್ದು. ಎಂಜಿನು ಮಾತ್ರ ಹಳೆಯ ಮಾದರಿಯದೇ, 1,911 ಸಿ.ಸಿ.ಯದು. ಇಷ್ಟು ಹೊಸತನದ ಒಡಲಿಗೆ ಇದು ಹೊಂದದ ಹೃದಯವೆಂದೇ ನಮ್ಮ ಅಭಿಪ್ರಾಯ.

ಈ ಎಣ್ಣೆಯ ವ್ಯವಸ್ಥೆಯನ್ನು ಕಲ್ಪಿಸಿದವರು ಪೋಲ್ ಮಾಜೆಸ್. 1925ರಲ್ಲಿ, 17ನೆಯ ವಯಸ್ಸಿನಲ್ಲಿ ಕಂಪನಿಯ ಕೆಲಸಕ್ಕೆ ಸೇರಿದವರು. ಎಂಜಿನಿಯರಿಂಗ್ ವ್ಯಾಸಂಗ ಮಾಡಿದವರಲ್ಲ. ಮೆಟ್ರಿಕ್ ಮುಗಿಸಿ ಊರು ಬಿಟ್ಟು ಬಂದ ನಮ್ಮಂಥವರು ಈ ಸಂಗತಿಯನ್ನು ಎರಡು ಸಲ ಓದಿದರೆ ತಪ್ಪಿಲ್ಲ.

ಸುಖಕ್ಕಾಗಿ ಮಾಡಿದ್ದು ಪ್ರಾಣಕ್ಕೂ ಒದಗಿತು. 1962ರ ಆಗಸ್ಟ್ 22ರಂದು ಪ್ಯಾರಿಸ್ಸಿನ ಹೊರವಲಯದ ಪೆಟಿ-ಕ್ಲಾಮಾರಿನಲ್ಲಿ ಅಧ್ಯಕ್ಷ ಡಿ ಗಾಲರ ಡಿ.ಎಸ್. ಕಾರಿನ ಮೇಲೆ ಗುಂಡಿನ ಮಳೆ ಸುರಿಯಿತು. ಟೈರುಗಳು ಒಡೆದರೂ ಗಾಡಿ ಮಗುಚಲಿಲ್ಲ. ವೇಗ ತಗ್ಗಿಸದೆ ಡ್ರೈವರು ಅದನ್ನು ಪಾರು ಮಾಡಿದರು. ಪತ್ರಿಕೆಗಳು ಕಾರನ್ನು ಹೊಗಳಿದವು. ಆ ಡ್ರೈವರನ ಕೈಯ ಸ್ಥೈರ್ಯಕ್ಕೂ ಅರ್ಧ ಪಾಲು ಸಲ್ಲಬೇಕು.

ದೋಷವಿರಲಿಲ್ಲವೆಂದಲ್ಲ. ಮೊದಲ ವರ್ಷಗಳಲ್ಲಿ ಎಣ್ಣೆ ಸೋರುತ್ತಿತ್ತು, ರಿಪೇರಿ ಬಲ್ಲ ಫಿಟ್ಟರುಗಳು ವಿರಳ. ಆಗಿನ ಎಣ್ಣೆ ಗಾಳಿಯ ತೇವವನ್ನು ಹೀರಿ ಒಳಗಿನ ಲೋಹಕ್ಕೆ ತುಕ್ಕು ತರುತ್ತಿತ್ತು. 1966ರಲ್ಲಿ ಹಸಿರು ಬಣ್ಣದ ಖನಿಜ ಎಣ್ಣೆ ಬಂದು ಈ ಕಾಟ ತಗ್ಗಿತು. 1975ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಸುಮಾರು 14 ಲಕ್ಷ 55 ಸಾವಿರ ಗಾಡಿಗಳಾಗಿದ್ದವು.

ಗ್ಯಾರೇಜಿನಲ್ಲಿ ದುಡಿಯುವ ಓದುಗರಿಗೆ ಒಂದು ಮಾತು. ಈ ಎರಡು ಎಣ್ಣೆಗಳನ್ನು ಬೆರೆಸಿದರೆ ರಬ್ಬರಿನ ಸೀಲುಗಳೆಲ್ಲ ಕೆಡುತ್ತವೆ. ಗಾಡಿಯ ವರ್ಷ ನೋಡಿ ಎಣ್ಣೆ ಹಾಕಬಾರದು; ಅಮೆರಿಕಕ್ಕೆ ಹೋದ ಗಾಡಿಗಳಲ್ಲಿ 1969ರವರೆಗೂ ಹಳೆಯ ಎಣ್ಣೆಯೇ ಇತ್ತು. ಗೋಳದ ಬಣ್ಣ ನೋಡಬೇಕು. ಹಸಿರು ಗೋಳಕ್ಕೆ ಹಸಿರು ಎಣ್ಣೆ, ಕಪ್ಪು ಗೋಳಕ್ಕೆ ಹಳೆಯದು.