ಎಂಟೂವರೆ ಇಂಚು ಎಲ್ಲಿ ಹೋಯಿತು?

ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಬ್ಲೌಸು, ಚೂಡಿದಾರ, ಸ್ಕೂಲ್ ಯೂನಿಫಾರ್ಮು ಹೊಲಿದವಳು ನಾನು. ಯಜಮಾನರ ಕೆಲಸದ ದೆಸೆಯಿಂದ ನೈಜೀರಿಯಾದ ಇಬಾಡಾನ್‌ನಲ್ಲಿ ಮನೆ ಹೂಡಿದಾಗಲೂ ಮಷೀನು ಬಿಟ್ಟಿರಲಿಲ್ಲ. ಪಕ್ಕದ ಮನೆಯ ಯೊರುಬಾ ಕುಟುಂಬದಲ್ಲಿ ಮದುವೆ ಬಂತು. ಬಂಧುಬಳಗ, ಸ್ನೇಹಿತರೆಲ್ಲ ಒಂದೇ ಬಗೆಯ ಬಟ್ಟೆ ತೊಡುವುದು ಅಲ್ಲಿಯ ಪದ್ಧತಿ. ಅದಕ್ಕೆ ‘ಅಶೋ ಎಬಿ’ ಅನ್ನುತ್ತಾರೆ. ನಮಗೂ ಬಟ್ಟೆ ಕೊಳ್ಳಲು ಹೇಳಿದರು. ಇವರ ಅಗ್ಬಾಡಾ ನಾನೇ ಹೊಲಿಯುತ್ತೇನೆ ಅಂದುಬಿಟ್ಟೆ. ಅಗಲದ ನಿಲುವಂಗಿ ತಾನೇ, ನೈಟಿಗಿಂತ ಏನು ಕಷ್ಟ?

ಒಜೆ ಸಂತೆಯಿಂದ ತಂದ ‘ಅಶೋ ಒಕೆ’ ಬಿಚ್ಚಿದಾಗಲೇ ಗಾಬರಿಯಾಯಿತು. ಅದು ಥಾನಲ್ಲ, ಬೆಲ್ಟಿನ ಹಾಗೆ ಸುತ್ತಿಟ್ಟ ಪಟ್ಟಿ. ಅಗಲ 4 ಇಂಚು, ಅರ್ಧ ಗೇಣೂ ಇಲ್ಲ. ಇಸೆಯಿನ್ ಊರಿನ ನೇಕಾರರ ಮಗ್ಗವೇ ಅಷ್ಟು ಕಿರಿದು. ಹಾಸಿನ ನೂಲನ್ನು ಅಂಗಳದುದ್ದಕ್ಕೂ ಎಳೆದು ತುದಿಗೆ ಭಾರ ಹೇರಿರುತ್ತಾರೆ. ನೇಯ್ದಷ್ಟೂ ಆ ಭಾರ ತೆವಳುತ್ತ ನೇಕಾರನ ಹತ್ತಿರ ಬರುತ್ತದೆ. ಹಳಬರು ಮೆಚ್ಚುವುದು ಕಡುನೀಲಿಯ ಎತು, ಕಾಡುರೇಷ್ಮೆಯ ಕಂದು ಸಾನ್ಯಾನ್, ಕೆಂಪು ಅಲಾರಿ. ನಮ್ಮದೂ ನೀಲಿಯೇ, ಆದರೆ ನಡುನಡುವೆ ಮಿಂಚುವ ಲೂರೆಕ್ಸ್ ಎಳೆ.

ಇವರು ಆರಡಿ ಆಳು. ಕೈ ಚಾಚಿದರೆ ಬೆರಳ ತುದಿಯಿಂದ ತುದಿಗೆ 72 ಇಂಚು, ಅಂದರೆ 18 ಪಟ್ಟಿ. ರೂಢಿಯಂತೆ ಎರಡೂ ಕಡೆ ಕಾಲಿಂಚು ಮಾರ್ಜಿನ್ ಬಿಟ್ಟು ಜೋಡಿಸಿದೆ. ಹೊಲಿದು ಹೆಗಲಿಗೆ ಹಾಕಿ ನೋಡಿದರೆ ಬಟ್ಟೆ ಬೆರಳ ಬುಡಕ್ಕೇ ನಿಂತಿತ್ತು. 17 ಹೊಲಿಗೆ, ಒಂದೊಂದಕ್ಕೆ ಅರ್ಧ ಇಂಚು. ಎಂಟೂವರೆ ಇಂಚನ್ನು ನಾನೇ ನುಂಗಿದ್ದೆ! ಒಳಗೆ ಹೊಲದ ಬದುಗಳಂತೆ ದಪ್ಪ ಏರಿಗಳು ಬೇರೆ. ಎಲ್ಲವನ್ನೂ ಮೇಲಿಂದ ಕೆಳಗೇ ಹೊಲಿದದ್ದಕ್ಕೆ ಪಟ್ಟಿಗಳು ಸರಿಯುತ್ತ ಸರಿಯುತ್ತ ಬುಡವೆಲ್ಲ ಓರೆಯಾಗಿತ್ತು.

ಸಂತೆಯ ಹತ್ತಿರ ಒಬ್ಬ ವಯಸ್ಸಾದ ಟೇಲರ್ ಇದ್ದರು, ಎಲ್ಲರಿಗೂ ‘ಬಾಬಾ’. ಗಂಟು ಕಟ್ಟಿಕೊಂಡು ಅವರಲ್ಲಿಗೆ ಹೋದೆ. ಒಳಗಿನ ಏರಿಗಳನ್ನು ಸವರಿ ನೋಡಿ ನಕ್ಕರು. ಆಮೇಲೆ ಪಟ್ಟಿಯ ಅಂಚನ್ನು ಉಗುರಿನಿಂದ ಜೋರಾಗಿ ಕೆರೆದು ತೋರಿಸಿದರು. ಒಂದೆಳೆಯೂ ಏಳಲಿಲ್ಲ.

“ನೇಕಾರ ಹೊಕ್ಕನ್ನು ಇಲ್ಲಿ ತಿರುಗಿಸಿ ಕಟ್ಟಿದ್ದಾನೆ. ಬಿಚ್ಚದ ಅಂಚಿಗೆ ಮಾರ್ಜಿನ್ ಯಾಕೆ, ಮಾಡಮ್?”

ಅಂಚಿಗೆ ಅಂಚು ತಾಗಿಸಿಟ್ಟು, ಒಂದರ ಮೇಲೊಂದು ಏರಿಸದೆ, ಮೇಲೆ ಜಿಗ್‌ಜಾಗ್ ಓಡಿಸುವುದು. ಒಂದು ಹೊಲಿಗೆ ಮೇಲಿಂದ, ಮುಂದಿನದು ಕೆಳಗಿಂದ. ಅಷ್ಟೇ. 17 ಹೊಲಿಗೆ ಬಿಚ್ಚಲು ನನಗೆ ಎರಡು ರಾತ್ರಿ ಹಿಡಿಯಿತು.

ಕುತ್ತಿಗೆಯ ಜಾಗದಲ್ಲಿ ಮಾತ್ರ ಕತ್ತರಿಗೆ ಹೆದರಬೇಕು. ಅಲ್ಲಿ ಅಂಚಿನ ರಕ್ಷಣೆ ಇಲ್ಲ. ಮೊದಲು ಗುರುತಿನ ಸುತ್ತ ಎರಡು ಸಾಲು ಹೊಲಿಗೆ, ಆಮೇಲೆ ಕಟಿಂಗ್. ಇಲ್ಲದಿದ್ದರೆ ಎಳೆಗಳು ಬಾಳೆನಾರಿನಂತೆ ಬಿಟ್ಟುಕೊಳ್ಳುತ್ತವೆ. ಕುತ್ತಿಗೆ ಮತ್ತು ಎದೆಯ ದೊಡ್ಡ ಜೇಬಿನ ಕಸೂತಿಯನ್ನು ಪಕ್ಕ ಮುಚ್ಚುವ ಮೊದಲೇ, ಬಟ್ಟೆ ಹಾಸಿದಂತಿರುವಾಗಲೇ ಮುಗಿಸಬೇಕು. ಧಾರವಾಡದ ಕಸೂತಿ ಬಲ್ಲೆನೆಂಬ ನನ್ನ ಜಂಬ ಅಲ್ಲಿ ನಡೆಯಲಿಲ್ಲ. ಬಾಬಾರ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಗುರುತನ್ನೂ ಹಾಕಿಕೊಳ್ಳದೆ, ಮಷೀನಿನ ಕೆಳಗೆ ಬಟ್ಟೆಯನ್ನೇ ತಿರುಗಿಸುತ್ತ ಸುರುಳಿ ಬಳ್ಳಿ ಬಿಡಿಸಿದ. ಒಳಗಿನ ಬೂಬಾ ಅಂಗಿ, ಶೋಕೋತೋ ಪ್ಯಾಂಟು ಮಾಮೂಲಿ ಕೆಲಸ. ಫಿಲಾ ಟೋಪಿ ಕೊಂಡೇ ತಂದೆವು.

ಕೊನೆಗೊಂದು ಪೆದ್ದುತನ ಬಾಕಿ ಇತ್ತು. ಕಾಟನ್ನಿಗೆ ಕೊಡುವ ಕಾವಲ್ಲೇ ಇಸ್ತ್ರಿ ಇಟ್ಟೆ. ಲೂರೆಕ್ಸ್ ಎಳೆ ಅಂಗೈಯಗಲ ಮುದುಡಿ ಕೂತಿತು. ಮೇಲೊಂದು ಒದ್ದೆ ಬಟ್ಟೆ ಹಾಸಬೇಕಿತ್ತು, ಕಾವೂ ಇಳಿಸಬೇಕಿತ್ತು. ಸಂತೆಗೆ ಓಡಿದರೆ ಅದೇ ನೀಲಿ ಎಲ್ಲಿದೆ? ಬಣ್ಣದ ಪಾಕ ಬದಲಾದರೆ ನೀಲಿಯೂ ಬದಲು. ಸಿಕ್ಕಿದ ಪಟ್ಟಿಯನ್ನು ಎಡತೋಳಿನ ಕಟ್ಟಕಡೆಗೆ ಜೋಡಿಸಿದೆ. ಅಗ್ಬಾಡಾದ ತೋಳನ್ನು ಹೇಗೂ ಮಡಿಚಿ ಹೆಗಲಿಗೇರಿಸುತ್ತಾರೆ, ಆ ಮಡಿಕೆಯಲ್ಲಿ ಅಡಗಿಹೋಗುತ್ತದೆ.

ಮದುವೆಯ ಫೋಟೋಗಳಲ್ಲಿ ಇವರು ಎಡಗೈ ಚಾಚಿದ್ದು ಒಂದರಲ್ಲೂ ಇಲ್ಲ.